ಓದುಗರ ಪ್ರಶ್ನೆ: ಡೈವ್ ಕಂಪ್ಯೂಟರ್ ಇದ್ದಾಗ ಮೆಕ್ಯಾನಿಕಲ್ ವಾಚ್ ಯಾಕ ಬೇಕ್ರಿ?

ಹೋದ ಸಂಚಿಕೆದಾಗ ಮುರುಡೇಶ್ವರದ ಹತ್ರದ ನೇತ್ರಾಣಿ ದ್ವೀಪಕ್ಕ ಡೈವಿಂಗ್ ಹೋಗಿದ್ದು ಎರಡು ಸಾಲು ಬರ್ದಿದ್ದೆ, ಕೈಯಾಗ ಆಟೋಮ್ಯಾಟಿಕ್ ವಾಚ್ (ಬ್ಯಾಟರಿ ಇಲ್ಲದ, ಕೈ ಅಲುಗಾಟಕ್ಕ ತಾನೇ ಚಾವಿ ಆಗೋ ಮೆಕ್ಯಾನಿಕಲ್ ವಾಚ್) ಕಟ್ಕೊಂಡೇ ನೀರಿಗೆ ಇಳಿದಿದ್ದೆ ಅಂತ. ಅಷ್ಟಕ್ಕೇ ಇಷ್ಟು ಪ್ರಶ್ನೆ ಬರ್ತಾವ ಅಂತ ಅಂದ್ಕೊಂಡಿರಲಿಲ್ಲ. ಸಮುದ್ರ ಅಂದ್ರ ನಮ್ಮ ಕಲಬುರಗಿಯಿಂದ ಒಂದು ರಾತ್ರಿ ಪೂರಾ ಬಸ್ಸಿನ ದಾರಿ, ಆದ್ರೂ ನಮ್ಮ ಮಂದಿಗೆ ನೀರಿನ ಮ್ಯಾಲ ಎಷ್ಟು ಆಸೆ ಅದ ನೋಡ್ರಿ. ಹೊಸ ಓದುಗರಿಗೆ ಒಂದು ಮಾತು, ನಾನು ಸೂಪರ್ ಮಾರ್ಕೆಟ್ ಕಡಿ ನಮ್ಮಪ್ಪನ ಕಾಲದಿಂದ ಇರೋ ವಾಚ್ ರಿಪೇರಿ ಅಂಗಡಿ ನಡಸಾಂವ, ಒಂಬತ್ತು ವರ್ಷದ ಹಿಂದ ಅಂಡಮಾನಿಗೆ ಹೋಗಿ ಡೈವಿಂಗ್ ಕಲ್ತು ಬಂದೀನಿ. ಈ ಸಲ ಬರೇ ನೀರು ಮತ್ತ ವಾಚಿನ ಪ್ರಶ್ನೆಗಳನ್ನೇ ತಗೊಂಡೀನಿ. ಹೆಸರು ಹಾಕ್ಬ್ಯಾಡ್ರಿ ಅಂತ ಭಾಳ ಮಂದಿ ಕೇಳ್ಯಾರ, ಅದಕ್ಕ ಊರಿನ ಹೆಸರಷ್ಟೇ ಹಾಕೀನಿ.

ಪ್ರಶ್ನೆ (ಸೇಡಂ): ಅಣ್ಣಾರ, ಮಗ ದುಬೈದಿಂದ ಒಂದು ಡೈವಿಂಗ್ ವಾಚ್ ತಂದು ಕೊಟ್ಟಾನ. ಗ್ಲಾಸಿನ ಸುತ್ತ ಒಂದು ರಿಂಗ್ ಅದ, ಎಡಕ್ಕ ತಿರುಗಿಸಿದ್ರ ಟಕ ಟಕ ಅಂತ ತಿರುಗ್ತದ, ಬಲಕ್ಕ ಏನು ಮಾಡಿದ್ರೂ ತಿರುಗಲ್ಲ. ಡಿಫೆಕ್ಟ್ ಪೀಸ್ ಕೊಟ್ಟಾರೇನ್ರಿ?

ಡಿಫೆಕ್ಟ್ ಅಲ್ರಿ ಕಾಕಾ, ಅದನ್ನ ಹಂಗೇ ಮಾಡ್ಯಾರ. ಜೋರ್ ಮಾಡಿ ಬಲಕ್ಕ ತಿರುಗಿಸಲಿಕ್ಕೆ ಹೋಗಬ್ಯಾಡ್ರಿ, ಒಳಗ ಸಣ್ಣ ಸ್ಪ್ರಿಂಗ್ ಪಟ್ಟಿ ಇರ್ತದ, ಮುರದ್ರ ಆಮ್ಯಾಲ ಎರಡೂ ಕಡಿ ಸಡ್ಲಾಗಿ ತಿರುಗ್ತದ. ಆ ರಿಂಗಿಗೆ ಬೆಜೆಲ್ ಅಂತಾರ. ಅದರ ಮ್ಯಾಲ ಒಂದು ತ್ರಿಕೋನ ಇಲ್ಲಾ ಚುಕ್ಕಿ ಅದಲ್ಲ, ನೀರಿಗೆ ಇಳಿಯೋ ಹೊತ್ತಿಗೆ ಅದನ್ನ ದೊಡ್ಡ ಮುಳ್ಳಿನ ಎದುರಿಗೆ ತಂದು ನಿಲ್ಲಸ್ತಾರ, ಆಮ್ಯಾಲ ದೊಡ್ಡ ಮುಳ್ಳು ಬೆಜೆಲಿನ ಮ್ಯಾಲ ಎಲ್ಲಿ ಬಂದದ ನೋಡಿದ್ರ ಇಳಿದು ಎಷ್ಟು ನಿಮಿಷ ಆತು ಅಂತ ಸೀದಾ ಗೊತ್ತಾಗ್ತದ, ಲೆಕ್ಕ ಹಾಕೋದೇ ಬ್ಯಾಡ. ಈಗ ನೀರೊಳಗ ಕೈ ಕಲ್ಲಿಗೆ ತಾಕಿ ರಿಂಗ್ ಜರಾ ತಿರುಗ್ತು ಅಂತ ಇಟ್ಕೋರಿ. ಅದು ಎಡಕ್ಕ ಮಾತ್ರ ತಿರುಗೋದರಿಂದ ಆದದ್ದಕ್ಕಿಂತ ಜಾಸ್ತಿ ನಿಮಿಷ ತೋರಸ್ತದ, ಕಡಿಮಿ ತೋರಸಂಗಿಲ್ಲ. 20 ನಿಮಿಷ ಆಗಿದ್ದು 25 ಅಂತ ಕಾಣ್ತದ, ನೀವು ಲಗೂನೇ ಮ್ಯಾಲ ಬರ್ತೀರಿ, ಜೀವ ಉಳೀತದ. ಎರಡೂ ಕಡಿ ತಿರುಗಿದ್ರ 20 ಆಗಿದ್ದು 15 ಅಂತ ಕಾಣೋ ಅಪಾಯ ಇತ್ತು. ನೀವು ಸೇಡಂದಾಗ ಕುಕ್ಕರಿಗೆ ಟೈಮ್ ಇಡ್ಲಿಕ್ಕೂ ವಾಪರ್ಸಬಹುದು, ನಮ್ಮ ಮನ್ಯಾಗ ಹಂಗೇ ಮಾಡ್ತಾರ, ತೊಗರಿಬ್ಯಾಳಿ ಕುದೀಲಿಕ್ಕೆ ಇಟ್ಟಾಗ ಬೆಜೆಲ್ ತಿರುಗಿಸಿ ಇಡೋದು.

ಪ್ರಶ್ನೆ (ಕಲಬುರಗಿ): ಸರ್, ನಾನು ಮಾರ್ಚಿನಾಗ ಅಂಡಮಾನಿಗೆ ಹೋಗಿ ಡೈವಿಂಗ್ ಕಲಿಯೋ ಓಪನ್ ವಾಟರ್ ಕೋರ್ಸ್ ಮಾಡೋನಿದ್ದೀನಿ. ಒಂದು ವರ್ಷ ರೊಕ್ಕ ಕೂಡಸಿ 200 ಮೀಟರಿನ ಆಟೋಮ್ಯಾಟಿಕ್ ಡೈವರ್ಸ್ ವಾಚ್ ತಗೊಂಡೀನಿ. ಈಗ ಗೆಳ್ಯಾ ಅಂತಾನ, ಈ ಕಾಲದಾಗ ಎಲ್ಲಾರೂ ಡೈವ್ ಕಂಪ್ಯೂಟರ್ ಕಟ್ಕೋತಾರ, ಚಾವಿ ವಾಚ್ ಕಟ್ಕೊಂಡು ಸಮುದ್ರಕ್ಕ ಇಳಿಯೋದು ಬರೇ ಷೋಕಿ, ರೊಕ್ಕ ಹಾಳು ಮಾಡ್ದಿ ಅಂತ. ಖರೇ ಏನ್ರಿ? ಮನಸ್ಸಿಗೆ ಭಾಳ ಕೆಟ್ಟ ಅನಸ್ಲಿಕತ್ತದ.

ಕೆಟ್ಟ ಅನಿಸ್ಕೋಬ್ಯಾಡ್ರಿ. ನಿಮ್ಮ ಗೆಳ್ಯಾ ಹೇಳಿದ್ದು ಅರ್ಧ ಖರೇ ಅದ, ಆ ಅರ್ಧ ಮೊದ್ಲ ಹೇಳಿಬಿಡ್ತೀನಿ ಯಾಕಂದ್ರ ಅದು ಜೀವದ ಮಾತು. ಡೈವ್ ಕಂಪ್ಯೂಟರ್, ಅಂದ್ರ ಆಳ ಮತ್ತ ಹೊತ್ತು ನೋಡಿ ಇನ್ನ ಎಷ್ಟು ಹೊತ್ತು ನೀರಾಗ ಇರಬಹುದು ಅಂತ ಲೆಕ್ಕ ಹೇಳೋ ಕೈ ಮ್ಯಾಲಿನ ಯಂತ್ರ, ಅದು ಇಲ್ಲದ ನೀವು ನೀರಿಗೆ ಇಳೀಬ್ಯಾಡ್ರಿ. ಸ್ವಂತದ್ದು ಇಲ್ಲಂದ್ರ ಅಲ್ಲೇ ಬಾಡಿಗಿಗೆ ಸಿಗ್ತದ, ತಗೋರಿ. ವಾಚ್ ಅದ ಅಂತ ಕಂಪ್ಯೂಟರ್ ಬಿಡೋದು ಬ್ಯಾಡವೇ ಬ್ಯಾಡ.

ಯಾಕ ಅಂತ ಹೇಳ್ತೀನಿ. ಸಮುದ್ರದಾಗ 10 ಮೀಟರ್ ಇಳಿದ್ರ ಒತ್ತಡ ಡಬಲ್ ಆಗ್ತದ, 20 ಮೀಟರಿಗೆ ಮೂರು ಪಟ್ಟು. ಆ ಒತ್ತಡದಾಗ ಉಸಿರು ತಗೊಂಡ ಗಾಳಿಯೊಳಗಿನ ನೈಟ್ರೋಜನ್ ಮೈಯಾಗ ಕರಗಿ ಕೂಡ್ತಾ ಹೋಗ್ತದ, ಎಷ್ಟು ಆಳ ಎಷ್ಟು ಹೊತ್ತು ಇದ್ರಿ ಅಷ್ಟು ಜಾಸ್ತಿ. ಗೋಲಿ ಸೋಡಾ ನೆನಪು ಮಾಡ್ಕೋರಿ, ಬ್ಯಾಸಿಗ್ಯಾಗ ಬಸ್ ಸ್ಟ್ಯಾಂಡಿನ್ಯಾಗ ಗೋಲಿ ಒಮ್ಮೆಲೆ ಒತ್ತಿದ್ರ ಭಸ್ ಅಂತ ಬುರುಗು ಮ್ಯಾಲ ಬರ್ತದಲ್ಲ, ಅದೇ ಸಾವಕಾಶ ಬಿಟ್ರ ಸುಮ್ಕ ಇರ್ತದ. ಮೈಯೂ ಹಂಗೇ. ಲಗೂ ಮ್ಯಾಲ ಬಂದ್ರ ಆ ನೈಟ್ರೋಜನ್ ಗುಳ್ಳಿ ಆಗಿ ಕೀಲಿನಾಗ, ನರದಾಗ ಸಿಕ್ಕೋತದ, ಲಕ್ವ ಹೊಡಿಬಹುದು, ಸಾಯಲೂಬಹುದು. ಇದಕ್ಕ ಲೆಕ್ಕ ಹಾಕಿ, ಎಷ್ಟು ಆಳದಾಗ ಎಷ್ಟು ಹೊತ್ತು ಇದ್ರ ಹ್ಯಾಂಗ ಮ್ಯಾಲ ಬರಬೇಕು ಅಂತ ಹೇಳೋ ಮೊದಲ ಚೊಲೋ ಟೇಬಲ್ ಮಾಡಿದ್ದು ಬ್ರಿಟನ್ನಿನ ಹಾಲ್ಡೇನ್ ಅನ್ನೋ ವಿಜ್ಞಾನಿ, 1908ರಾಗ, ಅಲ್ಲಿನ ನೇವಿ ಸಲುವಾಗಿ, ಆಡುಗಳನ್ನ ಒತ್ತಡದ ಕೋಣೆದಾಗ ಇಟ್ಟು ಪರೀಕ್ಷೆ ಮಾಡಿ.

ಆ ಟೇಬಲ್ ಕಾಲದಾಗ ಡೈವರ್ ಕೈಯಾಗ ಏನು ಇರಬೇಕಿತ್ತು ಹೇಳ್ರಿ? ಆಳ ತೋರ್ಸೋ ಒಂದು ಗೇಜ್, ಟೈಮ್ ತೋರ್ಸೋ ಒಂದು ವಾಚ್. ಇವೆರಡೇ. ಒಂದು ಉದಾಹರಣೆ ಕೊಡ್ತೀನಿ, ಮನರಂಜನೆಗೆ ಡೈವ್ ಮಾಡೋರಿಗೆ ಪಾಡಿ ಸಂಸ್ಥೆದ ಟೇಬಲ್ ಅದ, ಅದರಾಗ 18 ಮೀಟರಿಗೆ ಇಳಿದ್ರ ಹೆಚ್ಚಂದ್ರ 56 ನಿಮಿಷ ಇರಬಹುದು, 30 ಮೀಟರಿಗೆ ಇಳಿದ್ರ ಬರೇ 20 ನಿಮಿಷ. ವಾಚ್ ನಿಂತ್ರ ಲೆಕ್ಕ ನಿಂತಂಗೇ. ಅದಕ್ಕೇ ಫ್ರಾನ್ಸಿನ ನೌಕಾಪಡೆದ ಈಜುಗಾರ ಅಧಿಕಾರಿಗಳಾದ ಮಾಲುಬಿಯೆ ಮತ್ತ ರಿಫೋ ಅನ್ನೋರು ಕಪ್ಪು ಡಯಲ್, ಕತ್ತಲದಾಗೂ ಕಾಣೋ ದಪ್ಪ ಅಂಕಿ, ತಿರುಗೋ ರಿಂಗ್ ಇರೋ ವಾಚ್ ಬೇಕು ಅಂತ ಹುಡುಕ್ಯಾಡಿದ್ರು. 1953ರಾಗ ಸ್ವಿಟ್ಜರ್ಲೆಂಡಿನ ಬ್ಲಾಂಪಾ ಕಂಪನಿದ ಫಿಫ್ಟಿ ಫ್ಯಾದಮ್ಸ್ ಬಂತು. ಐವತ್ತು ಫ್ಯಾದಮ್ ಅಂದ್ರ ಸುಮಾರು 91 ಮೀಟರ್. ರೋಲೆಕ್ಸ್ ಸಬ್‌ಮರೀನರ್ ಅದೂ ಅದೇ ವರ್ಷದ್ದು. ಜಪಾನಿನ ಸೀಕೋ ತನ್ನ ಮೊದಲ ಡೈವರ್ಸ್ ವಾಚ್ ತಂದಿದ್ದು 1965ರಾಗ, 150 ಮೀಟರಿಂದು. ಈಗ ನಾವು ಅಂಗಡ್ಯಾಗ ನೋಡೋ ಡೈವಿಂಗ್ ವಾಚಿನ ರೂಪ ಎಲ್ಲಾ ಅಲ್ಲಿಂದಲೇ ಬಂದದ್ದು. ಚೆಂದಕ್ಕಂತ ಯಾರೂ ಮಾಡಿದ್ದಲ್ಲ ಅದು. ಕತ್ತಲ ನೀರಾಗ ಹೆದರಿದ ಮನುಷ್ಯಾ ಒಂದು ಸಲ ನೋಡಿದ್ರ ತಿಳೀಬೇಕು, ಅದಕ್ಕಂತ ಮಾಡಿದ್ದು.

1983ರಾಗ ಅಮೆರಿಕಾದಾಗ ಓರ್ಕಾ ಎಡ್ಜ್ ಅಂತ ಡೈವ್ ಕಂಪ್ಯೂಟರ್ ಬಂತು, ಆಮ್ಯಾಲ ಮೆಲ್ಲಕ ಎಲ್ಲಾ ಬದಲಾತು. ಫರಕ್ ಏನಂದ್ರ, ಟೇಬಲ್ ಪ್ರಕಾರ ನೀವು 18 ಮೀಟರಿಗೆ ಐದೇ ನಿಮಿಷ ಹೋಗಿ ಉಳದ ಹೊತ್ತೆಲ್ಲ 10 ಮೀಟರಿನಾಗ ಇದ್ರೂ ಪೂರಾ ಹೊತ್ತು 18ರಾಗೇ ಇದ್ರಿ ಅಂತ ಹಿಡೀತದ. ಕಂಪ್ಯೂಟರ್ ಹಂಗಲ್ಲ, ಸೆಕೆಂಡ್ ಸೆಕೆಂಡಿಗೆ ಆಳ ನೋಡಿ, ಮೈಯನ್ನ ಹಲವು ಭಾಗ ಅಂತ ಹಿಡ್ದು ಒಂದೊಂದರಾಗ ಎಷ್ಟು ನೈಟ್ರೋಜನ್ ಕೂಡ್ತು ಅಂತ ಲೆಕ್ಕ ಇಡ್ತದ. ಝೂರಿಕ್‌ನ ಬ್ಯೂಲ್ಮನ್ ಅನ್ನೋ ಡಾಕ್ಟರ್ ಮಾಡಿದ ಲೆಕ್ಕದಾಗ ಹಂತಾ 16 ಭಾಗ ಅವ, ಇವತ್ತಿನ ಎಷ್ಟೋ ಕಂಪ್ಯೂಟರ್ ಅದರ ಮ್ಯಾಲೇ ನಡೀತಾವ. ಲಗೂ ಮ್ಯಾಲ ಹೊಂಟ್ರ ಕೂಗ್ತದ. ಇದನ್ನ ಯಾವ ಮುಳ್ಳಿನ ವಾಚೂ ಮಾಡಲ್ಲ, ನಾನು ವಾಚಿನಾಂವ ಆಗಿಯೂ ಇದನ್ನ ಮುಚ್ಚಿಡಂಗಿಲ್ಲ.

ಇನ್ನ ಉಳದ ಅರ್ಧ. ನಿಮ್ಮ ವಾಚ್ ಷೋಕಿ ಆಗೋದು ಬಿಡೋದು ನಿಮ್ಮ ಕೈಯಾಗ ಅದ. ಸುಮ್ಕ ಕಟ್ಕೊಂಡು ಇಳಿದು ಒಂದು ಸಲವೂ ನೋಡ್ಲಿಲ್ಲಂದ್ರ ಷೋಕಿನೇ. ವಾಪರ್ಸಿದ್ರ ಮಾತ್ರ ಕೆಲ್ಸದ ಸಾಮಾನು.

ಟೈಮ್ ಕರೆಕ್ಟ್ ಇರಲ್ಲ ಅಂತ ಕೆಲವ್ರು ಅಂತಾರ, ಅದಕ್ಕ ಹೆದರಬ್ಯಾಡ್ರಿ. ದಿನಕ್ಕ 20 ಸೆಕೆಂಡ್ ಹಿಂದ ಮುಂದ ಓಡೋ ಸಾದಾ ಆಟೋಮ್ಯಾಟಿಕ್ ತಗೋರಿ, 50 ನಿಮಿಷದ ಡೈವಿನಾಗ ಅದು ಒಂದು ಸೆಕೆಂಡೂ ತಪ್ಪಂಗಿಲ್ಲ. ನೀರೊಳಗ ಅದಕ್ಕಿಂತ ಜಾಸ್ತಿ ನಿಖರ ಯಾರಿಗೂ ಬೇಕಾಗಿಲ್ಲ. ಖರೇ ಹೇಳಬೇಕಂದ್ರ ವಾಚ್ ಕೈ ಕೊಡೋದು ಟೈಮಿನಾಗ ಅಲ್ಲ, ನೀರು ಹೊಕ್ಕು.

ಇದು ನನಗ ಆಗಿದ್ದೇ. ಮೂರು ವರ್ಷದ ಹಿಂದ ನೇತ್ರಾಣಿ ದೋಣ್ಯಾಗ ಕುಂತಿದ್ದೆ, ವಾಚ್ ಫೋನಿಗಿಂತ ಒಂದು ನಿಮಿಷ ಹಿಂದ ಇತ್ತು, ಚಾವಿ ಬಿಚ್ಚಿ ಜಗ್ಗಿ ಟೈಮ್ ಸರಿ ಮಾಡ್ದೆ, ಅಷ್ಟ್ರಾಗ ಸಿಲಿಂಡರ್ ಹಾಕ್ಕೋರಿ ಅಂತ ಕರದ್ರು, ಚಾವಿ ಒಳಗ ಒತ್ತಿದೆ ಆದ್ರ ತಿರುವಿ ಟೈಟ್ ಮಾಡೋದು ಮರ್ತೆ. 12 ಮೀಟರಿನಾಗ ಬಂಡೆಗಲ್ಲಿನ ಸಂದಿಯೊಳಗ ಒಂದು ಮೀನು ನೋಡಿ ಟೈಮ್ ನೋಡ್ಲಿಕ್ಕೆ ಕೈ ಎತ್ತಿದೆ, ಗ್ಲಾಸಿನ ಒಳಗ ಒಂದು ಮೂಲ್ಯಾಗ ಮಂಜು ಕಟ್ಟಿತ್ತು, ಅನ್ನದ ಗುಂಡಿ ಮುಚ್ಚಳದ ಒಳಗ ಹನಿ ಕೂತಿರ್ತಾವಲ್ಲ ಹಂಗ. ನೋಡ್ತಾ ನೋಡ್ತಾ ಆ ಹನಿ ಕೂಡಿ ಒಂದು ಸಣ್ಣ ಗೆರಿ ಆಗಿ 6ರ ಕಡಿ ಜಾರ್ತು, ಸೆಕೆಂಡ್ ಮುಳ್ಳು ಎರಡು ಸಲ ತಡವರಿಸಿ ನಿಂತ್ಬಿಡ್ತು. ಹೊಟ್ಟಿಯೊಳಗ ಸಂಕಟ ಆತು. ಇನ್ನೊಂದು ಕೈಯಾಗ ಕಂಪ್ಯೂಟರ್ ಇತ್ತು, ಡೈವ್ ಸರಿಯಾಗೇ ಮುಗೀತು. ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಚಾವಿ ಟೈಟ್ ಮಾಡ್ರಿ ಅಂತ ಹೇಳಾಂವ ನಾನು, ತಪ್ಪು ಪೂರಾ ನಂದೇ. ಆ ರಾತ್ರಿ ಮುರುಡೇಶ್ವರದ ರೂಮಿನಾಗ ವಾಚ್ ಬಿಚ್ಚಿ ಉಪ್ಪು ನೀರು ಸಿಹಿ ನೀರಿನಾಗ ತೊಳ್ದು ಬಿಡಿ ಬಿಡಿ ಮಾಡಿ ಇಟ್ಟೆ, ಆದ್ರೂ ಬ್ಯಾಲೆನ್ಸ್ ಸ್ಪ್ರಿಂಗ್ ತುಕ್ಕು ಹಿಡದಿತ್ತು, ಊರಿಗೆ ಬಂದು ಬದಲಿ ಮಾಡ್ಬೇಕಾತು.

ಅವತ್ತಿಂದ ಒಂದು ಪದ್ಧತಿ ಇಟ್ಕೊಂಡೀನಿ, ನಿಮಗೂ ಅದೇ ಹೇಳ್ತೀನಿ. ದೋಣಿ ಅಂಚಿನ ಮ್ಯಾಲ ಕುಂತು ಹಿಂದಕ್ಕ ಬೀಳೋದಕ್ಕಿಂತ ಮೊದ್ಲ, ಬೆರಳು ಮೊದ್ಲ ಚಾವಿ ಮ್ಯಾಲ, ಟೈಟ್ ಅದೇನು? ಆಮ್ಯಾಲ ಬೆಜೆಲ್ ಮ್ಯಾಲ, ತ್ರಿಕೋನ ದೊಡ್ಡ ಮುಳ್ಳಿಗೆ ತರೋದು. ಆ ನಾಲ್ಕು ಸೆಕೆಂಡಿನಾಗ ಮನಸ್ಸಿನೊಳಗ ಒಂದು ಲೆಕ್ಕ ಆಗ್ತದ, ಇವತ್ತು ಎಷ್ಟು ಆಳ, ಎಷ್ಟು ನಿಮಿಷ, ಯಾವಾಗ ತಿರುಗಬೇಕು ಅಂತ. ಕಂಪ್ಯೂಟರ್ ನೀರು ತಾಕಿದ ಕೂಡ್ಲೇ ತಾನೇ ಚಾಲೂ ಆಗ್ತದ, ನಿಮ್ಮನ್ನ ಏನೂ ಕೇಳಂಗಿಲ್ಲ, ಅದಕ್ಕೇ ಹೊಸಬ್ರು ಅದರ ಮ್ಯಾಲ ಎಲ್ಲಾ ಬಿಟ್ಟು ಇಳೀತಾರ, ನೋ ಡೆಕೋ, ಅಂದ್ರ ಏರ್ವಾಗ ನಡುವ ಕಡ್ಡಾಯವಾಗಿ ನಿಲ್ಲೋದು ಬೀಳದ ಹೊತ್ತು, ಎಷ್ಟು ಉಳದದ ಅಂತ ಕೇಳಿದ್ರ ಅದನ್ನ ನೋಡಿ ಹೇಳ್ತಾರ ಹೊರತು ತಮಗ ಗೊತ್ತಿರಲ್ಲ. ವಾಚ್ ಕಟ್ಟಿದಾಂವ ತಾನೇ ಲೆಕ್ಕ ಇಟ್ಟು ಇಳೀತಾನ. ಬ್ಯಾಟರಿ ಹೋತು, ಸ್ಕ್ರೀನ್ ಖಾಲಿ ಆತು ಅಂತ ಇಟ್ಕೋರಿ, ಎಷ್ಟು ಹೊತ್ತಾತು ಅನ್ನೋದು ಅವನ ತಲ್ಯಾಗ ಮತ್ತ ಕೈ ಮ್ಯಾಲ ಇರ್ತದ, ಆವಾಗ ಡೈವ್ ಮುಂದುವರ್ಸದ ಸಾವಕಾಶ ಮ್ಯಾಲ ಬಂದು, ಗೇಜಿನಾಗ 5 ಮೀಟರ್ ನೋಡಿ ನಿಂತು, ನೈಟ್ರೋಜನ್ ಹೋಗ್ಲಿ ಅಂತ ವಾಚಿನಾಗ ಮೂರು ನಿಮಿಷ ನೋಡಿ, ಹೊರಗ ಬರ್ತಾನ. ನನಗಂತೂ ಕಂಪ್ಯೂಟರ್ ಸರಿ ಇದ್ದಾಗೂ ಆ ಮೂರು ನಿಮಿಷ ಸೆಕೆಂಡ್ ಮುಳ್ಳು ನೋಡ್ಕೋತ ಹಗ್ಗ ಹಿಡ್ದು ನಿಲ್ಲೋದು ಭಾಳ ಸೇರ್ತದ. ಮುಳ್ಳು ಒಂದು ಸೆಕೆಂಡಿಗೆ ಎಂಟು ಸಣ್ಣ ಹೆಜ್ಜಿ ಇಡ್ತದ, ಮ್ಯಾಲಿಂದ ಬೆಳಕು ಅದರ ಮ್ಯಾಲ ಅಲುಗ್ತಿರ್ತದ, ಉಸಿರು ತಾನೇ ಸಾವಕಾಶ ಆಗ್ತದ.

ಹೋಗೋ ಮುಂಚೆ ವಾಚ್ ಹೊಸದೇ ಇದ್ರೂ ಪ್ರೆಶರ್ ಟೆಸ್ಟ್ ಮಾಡ್ಸ್ರಿ. ಡಯಲ್ ಮ್ಯಾಲ ಡೈವರ್ಸ್ ಅಂತ ಇದ್ದು ಐಎಸ್‌ಒ 6425 ಅನ್ನೋ ಡೈವಿಂಗ್ ವಾಚಿನ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮಾಡಿದ್ದಾದ್ರ ಕಂಪನಿಯವ್ರು ಒಂದೊಂದು ಪೀಸನ್ನೂ ಬರ್ದ ಆಳಕ್ಕಿಂತ ಕಾಲು ಪಟ್ಟು ಜಾಸ್ತಿ ಒತ್ತಡದಾಗ ಪರೀಕ್ಷೆ ಮಾಡಿರ್ತಾರ, ಕತ್ತಲದಾಗ 25 ಸೆಂಟಿಮೀಟರ್ ದೂರದಿಂದ ಟೈಮ್ ಕಾಣ್ಬೇಕು ಅನ್ನೋದೂ ಅದರಾಗೇ ಅದ. ಬೆಲ್ಟ್ ರಬ್ಬರಿಂದು ಹಾಕ್ರಿ, ಚರ್ಮದ್ದು ಬ್ಯಾಡ. ಡೈವ್ ಆದ ಮ್ಯಾಲ ಸಿಹಿ ನೀರಾಗ ತೊಳೀರಿ, ಬೆಜೆಲ್ ತಿರುಗಿಸ್ಕೋತ, ಸಂದ್ಯಾಗ ಉಪ್ಪು ಉಳೀಬಾರ್ದು. ಇನ್ನೊಂದು, ಬಾಳ ಮಂದಿ ಮರೀತಾರ, ಒಂದಕ್ಕಿಂತ ಜಾಸ್ತಿ ಡೈವ್ ಮಾಡಿದ ಮ್ಯಾಲ ಕಡಿಮಿ ಅಂದ್ರೂ 18 ತಾಸು ವಿಮಾನ ಹತ್ತಬಾರ್ದು, ಮ್ಯಾಲ ಗಾಳಿ ಒತ್ತಡ ಕಡಿಮಿ, ಅದೇ ಗೋಲಿ ಸೋಡಾ ಕತಿ. ನೇತ್ರಾಣಿಗೆ ಹೋಗೋರೂ ಡೈವ್ ಮಾಡಿ ಅದೇ ಸಂಜಿ ಘಟ್ಟ ಹತ್ತೋ ಬಸ್ಸಿಗೆ ಓಡಬ್ಯಾಡ್ರಿ, ಒಂದು ರಾತ್ರಿ ಅಲ್ಲೇ ಉಳೀರಿ.

ಗೆಳ್ಯಾಗೆ ಇದನ್ನ ಓದಲಿಕ್ಕೆ ಕೊಡ್ರಿ. ಎರಡು ಕೈ ಅವ, ಒಂದಕ್ಕ ಕಂಪ್ಯೂಟರ್, ಒಂದಕ್ಕ ವಾಚ್.

ಪ್ರಶ್ನೆ (ಬೀದರ್): ಅಣ್ಣಾ, ನಮ್ಮ ಮುತ್ಯಾನ ಎಚ್‌ಎಂಟಿ ಜನತಾ ನಮ್ಮ ಮನಿಯವರು ಕಟ್ಕೋತಾರ. ಹೋದ ಸಲ ಝರಣಿ ನರಸಿಂಹ ಸ್ವಾಮಿ ಗುಹ್ಯಾಗ ದರ್ಶನಕ್ಕ ಹೋದಾಗ ಬಿಚ್ಚೋದು ಮರ್ತಾರ, ನೀರು ಎದಿ ತನಕ ಇತ್ತು. ಈಗ ಗ್ಲಾಸ್ ಒಳಗ ಮುಸುಕು ಮುಸುಕು. ಅಕ್ಕಿ ಡಬ್ಬಿಯೊಳಗ ಇಟ್ಟೀನಿ. ಸರಿ ಆಗ್ತದೇನ?

ತಂಗಿ, ಅಕ್ಕಿಯೊಳಗಿಂದ ಇವತ್ತೇ ತಗೀರಿ. ಅಕ್ಕಿ ಹೊರಗಿನ ತೇವ ಹೀರ್ತದ, ಮುಚ್ಚಿದ ವಾಚಿನ ಒಳಗಿಂದಲ್ಲ, ಮ್ಯಾಲ ಅದರ ಹಿಟ್ಟು ಸಂದ್ಯಾಗ ಹೊಕ್ಕೋತದ. ಬಿಸಲಿಗೂ ಇಡಬ್ಯಾಡ್ರಿ, ಬಿಸಿಗೆ ನೀರು ಆವಿ ಆಗಿ ಪೂರಾ ಮಷಿನ್ ಒಳಗ ಹರಡ್ತದ, ರಾತ್ರಿ ತಣ್ಣಗಾದಾಗ ಮತ್ತ ಅಲ್ಲೇ ಕೂಡ್ತದ. ಚಾವಿ ಜಗ್ಗಿ ಹೊರಗ ಇಡ್ರಿ, ಆವಾಗ ವಾಚ್ ನಿಂತ್ರ ನಿಲ್ಲಲಿ, ಬೀದರಿನಾಗೇ ಹಳೆ ವಾಚ್ ಕೈ ಹಾಕೋರ ಹತ್ರ ತಡ ಮಾಡ್ದ ಹೋಗಿ ಹಿಂದಿನ ಮುಚ್ಚಳ ತಗಸ್ರಿ. ಜನತಾ ಅಂದ್ರ 17 ಕಲ್ಲಿನ ಚಾವಿ ಕೊಡೋ ಮಷಿನ್, ಗಟ್ಟಿ ಜೀವ, ಬಿಚ್ಚಿ ತೊಳ್ದು ಎಣ್ಣಿ ಹಾಕಿದ್ರ ಭಾಳ ಸಲ ಉಳೀತದ, ತುಕ್ಕು ಹಿಡಿಯೋ ಮುಂಚೆ ಹೋಗ್ಬೇಕು ಅಷ್ಟೇ. ಎಚ್‌ಎಂಟಿ 1961ರಾಗ ಜಪಾನಿನ ಸಿಟಿಜನ್ ಕೂಡ ಬೆಂಗಳೂರಿನಾಗ ವಾಚ್ ಕಾರ್ಖಾನಿ ಸುರು ಮಾಡ್ತು, 2016ರಾಗ ವಾಚಿನ ಕೆಲ್ಸ ಮುಚ್ಚಾಕ ಸರ್ಕಾರ ಒಪ್ಪಿತು, ಅದಕ್ಕ ಮುತ್ಯಾನದ್ದು ಹೋದ್ರ ಹಂತಾದ್ದೇ ಇನ್ನೊಂದು ಸಿಗೋದು ಕಷ್ಟ. ಡಯಲ್ ಬದಲಿ ಮಾಡ್ತೀನಿ, ಪಾಲಿಶ್ ಮಾಡ್ತೀನಿ ಅಂದ್ರ ಬ್ಯಾಡ ಅನ್ರಿ, ಮುತ್ಯಾ ನೋಡಿದ ಡಯಲ್ ಅದೇ ಇರ್ಲಿ. ಸರಿ ಆದ ಮ್ಯಾಲೂ ಅದಕ್ಕ ನೀರು ತಾಕಿಸಬ್ಯಾಡ್ರಿ, ಅದು ನೀರಿನ ವಾಚ್ ಅಲ್ಲ.

ಪ್ರಶ್ನೆ (ಹುಮನಾಬಾದ್): ಹೀಲಿಯಂ ವಾಲ್ವ್ ಅಂತ ವಾಚಿನ ಬಾಜೂಕ್ಕ ಇನ್ನೊಂದು ಸಣ್ಣ ಗುಂಡಿ ಇರ್ತದ, ಅದು ಬೇಕೇನ್ರಿ?

ನಿಮಗೂ ಬ್ಯಾಡ ನನಗೂ ಬ್ಯಾಡ. ಸಮುದ್ರದ ತಳದಾಗ ತೈಲದ ಕೆಲ್ಸ ಮಾಡೋ ಡೈವರ್ಸ್ ದಿನಗಟ್ಲೆ ಒತ್ತಡದ ಕೋಣೆದಾಗೇ ಇರ್ತಾರ, ಅಲ್ಲಿ ಉಸಿರಿಗೆ ಹೀಲಿಯಂ ಕಲ್ಸಿದ ಗಾಳಿ. ಆ ಹೀಲಿಯಂ ಎಷ್ಟು ಸೂಕ್ಷ್ಮ ಅಂದ್ರ ರಬ್ಬರ್ ದಾಟಿ ವಾಚಿನ ಒಳಗ ಹೋಗ್ತದ, ಒತ್ತಡ ಇಳಿಸ್ವಾಗ ಹೊರಗ ಬರ್ಲಿಕ್ಕೆ ದಾರಿ ಸಿಗದ ಗ್ಲಾಸನ್ನೇ ಎಗರಸ್ತದ. ಅದಕ್ಕಂತ ಆ ವಾಲ್ವ್. ಸಾದಾ ಡೈವಿಂಗ್‌ದಾಗ ಅದರ ಕೆಲ್ಸವೇ ಇಲ್ಲ, ಕೈ ಹಚ್ಚಬ್ಯಾಡ್ರಿ.

ಪ್ರಶ್ನೆ (ಸುರಪುರ, ಯಾದಗಿರಿ ಜಿಲ್ಲೆ): ಸರ್ ನಾನು ಪಿಯುಸಿ ಓದ್ತೀನಿ. ನನ್ನ ವಾಚಿನ ಮ್ಯಾಲ 30 ಮೀಟರ್ ವಾಟರ್ ರೆಸಿಸ್ಟೆಂಟ್ ಅಂತ ಅದ. ನಮ್ಮ ಹೊಲದ ಬಾವಿ ನೀರು 20 ಫೂಟ್ ಸುದ್ದಾ ಇಲ್ಲ. ಹಂಗಾದ್ರ ಕಟ್ಕೊಂಡು ಜಿಗಿಬಹುದಲ್ರಿ? ದೋಸ್ತಂದು ಹಿಂಗೇ ಜಿಗಿದು ಬಂದ್ ಆತು, ಯಾಕ?

ಚೊಲೋ ಪ್ರಶ್ನೆ ಕೇಳಿದಿ ತಮ್ಮಾ. 30 ಮೀಟರ್ ಅಂದ್ರ 30 ಮೀಟರ್ ಇಳೀಬಹುದು ಅಂತ ಅಲ್ಲ. ಹೊಸ ವಾಚನ್ನ ಅಲುಗಾಡದಂಗ ಇಟ್ಟು ಅಷ್ಟು ಒತ್ತಡ ಕೊಟ್ಟು ನೋಡ್ಯಾರ ಅಂತಷ್ಟೇ ಅರ್ಥ. ಕೈ ತೊಳೀಲಿಕ್ಕೆ, ಮಳ್ಯಾಗ ನೆನೀಲಿಕ್ಕೆ ಸಾಕು.

ಈಜ್ವಾಗ ಕೈ ಬೀಸಿದ್ರ ಒತ್ತಡ ಭಾಳ ಏರ್ತದ ಅಂತ ಹೇಳ್ತಾರ, ಅದು ಅಷ್ಟು ಖರೇ ಅಲ್ಲ. ಸೆಕೆಂಡಿಗೆ 5 ಮೀಟರ್ ವೇಗದಾಗ ಕೈ ಬೀಸಿದ್ರೂ ಒಂದೂಕಾಲು ಮೀಟರ್ ಆಳ ಜಾಸ್ತಿ ಹೋದಷ್ಟೇ ಒತ್ತಡ. ಜಿಗಿಯೋದು ಮಾತ್ರ ಬ್ಯಾರೆ. ನೀ ಬಾವಿ ಕಟ್ಟಿ ಮ್ಯಾಲಿಂದ ಆರು ಮೀಟರ್ ಕೆಳಗಿನ ನೀರಿಗೆ ಜಿಗದ್ರ ಆ ವೇಗಕ್ಕೇ ಆರು ಮೀಟರ್ ಆಳದ ಒತ್ತಡ ಬೀಳ್ತದ, ನೀರಿನ ಮೈಗೆ ಕೈ ಚಪ್ಪಳಿಸಿದ ಏಟು ಅದರ ಮ್ಯಾಲ ಮತ್ತ ಬ್ಯಾರೆ. ಸೊಂಟದ ಮ್ಯಾಲ ಬಿದ್ದಾಗ ನಿನಗ ಹ್ಯಾಂಗ ಉರೀತದ, ವಾಚಿಗೂ ಹಂಗೇ.

ನಿನ್ನ ದೋಸ್ತನ ವಾಚ್ ಹೋಗಿದ್ದು ಬಿಸಲಿಂದ ಅಂತ ನನ್ನ ಗುಮಾನಿ. ನಮ್ಮ ಕಡಿ ಮೇ ತಿಂಗಳಾಗ 42, 43 ಡಿಗ್ರಿ, ಕೈ ಮ್ಯಾಲಿನ ಸ್ಟೀಲ್ ವಾಚ್ ಮುಟ್ಟಿದ್ರ ಚುರ್ ಅಂತದ. ಒಳಗಿನ ಗಾಳಿ ಬಿಸಿ ಆಗಿ ಹಿಗ್ಗಿರ್ತದ, ಒಮ್ಮೆಲೆ ತಣ್ಣೀರ ಬಾವ್ಯಾಗ ಮುಳುಗಿದ್ರ ಆ ಗಾಳಿ ಕುಗ್ಗಿ ಒಳಗ ಎಳೀತದ, ವಾಶರ್ ಸ್ವಲ್ಪ ಹಳೇದಾಗಿದ್ರ ಅದರ ಸಂದಿಯಿಂದ ನೀರು ಹೀರ್ಕೋತದ. ಬಿಸಲು, ಸಾಬಾನು, ಬೆವರು, ಈ ಮೂರೂ ಸೇರಿ ರಬ್ಬರ್ ವಾಶರನ್ನ ಲಗೂ ಒಣಗಸ್ತಾವ, ಅದಕ್ಕ ನಮ್ಮ ಊರಾಗ ಡೈವರ್ಸ್ ವಾಚಿಗೂ ಎರಡು ವರ್ಷಕ್ಕೊಮ್ಮೆ ವಾಶರ್ ಬದಲಿ ಮಾಡ್ರಿ ಅಂತ ನಾ ಹೇಳ್ತೀನಿ.

ನಿಂದು ಎಷ್ಟು ಗಟ್ಟಿ ಅದ ನೋಡ್ಬೇಕು ಅನಸಿದ್ರ ಕಲಬುರಗಿಗೆ ಬಂದಾಗ ಅಂಗಡಿಗೆ ತಾ. ನಮ್ಮ ಹತ್ರ ಅರ್ಧ ನೀರು ತುಂಬಿದ ಗಾಜಿನ ಕೊಳವಿ ಅದ, ಒಳಗ ಕೊಕ್ಕಿಗೆ ವಾಚ್ ನೀರಿನ ಮ್ಯಾಲ ತೂಗ ಹಾಕಿ ಪಂಪಿನಿಂದ ಗಾಳಿ ಒತ್ತಿ ಸ್ವಲ್ಪ ಹೊತ್ತು ಬಿಡ್ತೀವಿ, ಆಮ್ಯಾಲ ವಾಚನ್ನ ನೀರಿಗೆ ಇಳಿಸಿ ಒತ್ತಡ ಸಾವಕಾಶ ಬಿಡ್ತೀವಿ. ವಾಚ್ ಸೋರ್ತಿದ್ರ ಒಳಗ ಹೋಗಿದ್ದ ಗಾಳಿ ಗುಳ್ಳಿ ಗುಳ್ಳಿ ಆಗಿ ಹೊರಗ ಬರ್ತದ, ಚಾವಿ ಕಡಿಯಿಂದೋ ಗ್ಲಾಸಿನ ಅಂಚಿಂದೋ ಕಣ್ಣಿಂದ್ಲೇ ಕಾಣ್ತದ. ಗುಳ್ಳಿ ಕಂಡ ಕೂಡ್ಲೇ ಮ್ಯಾಲ ಎತ್ತಿ ಬಿಟ್ರ ನೀರು ಒಳಗ ಹೋಗಲ್ಲ. ನೀನೇ ನಿಂತು ನೋಡು, ರೊಕ್ಕ ಬ್ಯಾಡ.

ಅಲ್ಲಿ ತನಕ ಬಾವಿಗೆ ಜಿಗಿಯೋ ಮುಂಚೆ ವಾಚ್ ಬಿಚ್ಚಿ ಅಂಗಿ ಕಿಸೆದಾಗ ಹಾಕು, ಅಂಗಿ ನೆರಳಾಗ ಇಡು.